ಕಾಡು ಸೆಲರಿ: ಒಂದು ಆಹಾರ ಸಸ್ಯ, ಹಲವು ಹೆಸರು

ಸಿಸಿಲಿ ದ್ವೀಪದಲ್ಲಿದ್ದ ಸೆಲಿನಸ್ ಎಂಬ ಪ್ರಾಚೀನ ಗ್ರೀಕ್ ನಗರವು ತನ್ನ ಬೆಳ್ಳಿ ನಾಣ್ಯಗಳ ಮೇಲೆ ಒಂದು ಎಲೆಯನ್ನು ಅಚ್ಚೊತ್ತಿಸುತ್ತಿತ್ತು. ಅದು ಕಾಡು ಸೆಲರಿಯ ಎಲೆ. ನಾಣ್ಯದ ಮೇಲೆ ಸ್ಥಾನ ಪಡೆದ ಸೊಪ್ಪುಗಳು ವಿರಳವೆಂದೇ ಹೇಳಬೇಕು.

ಸಸ್ಯಶಾಸ್ತ್ರದಲ್ಲಿ ಏಪಿಯಂ ಗ್ರೇವಿಯೋಲೆನ್ಸ್ ಎನಿಸಿಕೊಂಡ ಈ ಸಸ್ಯವು ಕೊತ್ತಂಬರಿ, ಜೀರಿಗೆ, ಓಮಗಳ ಕುಟುಂಬಕ್ಕೆ ಸೇರಿದ್ದು. ಯುರೋಪು ಹಾಗೂ ಮೆಡಿಟರೇನಿಯನ್ ಕರಾವಳಿಯ ಉಪ್ಪುನೀರಿನ ಜವುಗಿನಲ್ಲಿ ತಾನಾಗಿ ಬೆಳೆಯುತ್ತದೆ. ಕಾಡು ಸಸ್ಯದ ದಂಟು ಸಪೂರ, ರುಚಿ ಕಹಿ. ಆದುದರಿಂದ ಎಲೆಯನ್ನು ವಾಸನೆಗೆಂದು ಸ್ವಲ್ಪವೇ ಬಳಸುವುದು ವಾಡಿಕೆ. ದಂಟಿಗೆ ಮಣ್ಣೇರಿಸಿ ಬಿಸಿಲು ತಾಗದಂತೆ ಬೆಳೆಸಿದರೆ ಕಹಿ ತಗ್ಗುತ್ತದೆ. ಇಂದಿನ ದಪ್ಪ ದಂಟಿನ ತರಕಾರಿ ತಳಿಗಳು ಇದರಿಂದಲೇ ಬಂದವು. ಅದೇ ಜವುಗಿನಲ್ಲಿ ಇದನ್ನೇ ಹೋಲುವ ವಿಷಸಸ್ಯಗಳೂ ಇರುವುದರಿಂದ ಕಾಡಿನಿಂದ ಕಿತ್ತು ತಿನ್ನುವುದು ಅಪಾಯಕರ.

ನಮ್ಮ ದೇಶದಲ್ಲಿ ವ್ಯಾಪಾರವೆಲ್ಲ ಇದರ ಬೀಜದ್ದು. ಪಂಜಾಬಿನ ಅಮೃತಸರ ಅದರ ಕೇಂದ್ರ. ತೊಡಕಿರುವುದು ಹೆಸರಿನಲ್ಲಿ. ಸೆಲರಿ ಬೀಜಕ್ಕೆ ಪೇಟೆಯಲ್ಲಿ ಅಜಮೋದ ಎನ್ನುತ್ತಾರೆ. ಆಯುರ್ವೇದದವರ ಅಜಮೋದ ಬೇರೆ ಸಸ್ಯವೂ ಆಗಿರಬಹುದು. ಬಂಗಾಳದ ರಾಂಧುನಿಯನ್ನೂ ಇಂಗ್ಲಿಷಿನಲ್ಲಿ ಕಾಡು ಸೆಲರಿ ಎಂದೇ ಕರೆಯುವುದುಂಟು. ಇವು ಸಾಲದೆಂಬಂತೆ ಗುಜರಾತಿಯಲ್ಲಿ ನಮ್ಮ ಓಮಕ್ಕೆ 'ಅಜಮೋ' ಎಂದು ಹೆಸರು!

ಕೆಲವು ವರ್ಷಗಳ ಹಿಂದೆ ನಾನು ಲೆಕ್ಕ ನೋಡುತ್ತಿದ್ದ ಒಂದು ಸಣ್ಣ ಮಸಾಲೆ ಘಟಕದ ಮಾಲೀಕರು ದೂರವಾಣಿಯಲ್ಲಿ 'ಅಜಮೋ' ಕೇಳಿದ್ದರು. ಬಂದದ್ದು ಅಜಮೋದ. ಗುಮಾಸ್ತರು ದಾಸ್ತಾನು ಪುಸ್ತಕದಲ್ಲಿ 'ಓಮ' ಎಂದು ಬರೆದುಕೊಂಡರು. ತೂಕ, ದರ, ಮೊತ್ತ ಎಲ್ಲವೂ ತಾಳೆಯಾದವು, ಹೆಸರೊಂದು ತಾಳೆಯಾಗಲಿಲ್ಲ. ನಾನು ಬಿಲ್ಲು ನೋಡುವಷ್ಟರಲ್ಲಿ ಯುರೋಪಿಗೆ ಹೋಗಬೇಕಿದ್ದ ಒಂದು ಬಾರಿಯ ಮಿಶ್ರಣ ಸಿದ್ಧವಾಗಿತ್ತು. ಮಾರಿದವರ ಬಿಲ್ಲು ಸರಿಯಾಗಿಯೇ ಇತ್ತು, ಲಿಖಿತ ಆರ್ಡರ್ ಇರಲಿಲ್ಲ. ನಷ್ಟ ಮಾಲೀಕರದೇ ಆಯಿತು.

ಇದರಲ್ಲಿ ಜಿಎಸ್‌ಟಿಯಿಂದಲೂ ಸುಳಿವು ಸಿಗದು. ಎರಡೂ ಬೀಜಗಳು 0910 ಶೀರ್ಷಿಕೆಯಡಿ ಬರುತ್ತವೆ, ಮಸಾಲೆ ಪದಾರ್ಥವಾಗಿ ದರ ಶೇಕಡಾ 5. ಎಂಟು ಅಂಕಿಯ ಸಂಕೇತದಲ್ಲಿ ಮಾತ್ರ ವ್ಯತ್ಯಾಸವಿದ್ದು, ಅದನ್ನು ಓದುವ ತಾಳ್ಮೆ ನಮ್ಮಲ್ಲಿ ಅನೇಕರಿಗಿಲ್ಲ.

ಮಿಶ್ರಣವನ್ನು ತಡೆಹಿಡಿದದ್ದು ರುಚಿಯ ಕಾರಣಕ್ಕಲ್ಲ. ಯುರೋಪಿಯನ್ ಒಕ್ಕೂಟದ 1169/2011ನೇ ನಿಯಮಾವಳಿಯು ಅಲರ್ಜಿಕಾರಕವೆಂದು ಪಟ್ಟಿ ಮಾಡಿರುವ 14 ಬಗೆಗಳಲ್ಲಿ ಸೆಲರಿಯೂ ಒಂದು. ಬೀಜವಾಗಲಿ, ಪುಡಿಯಾಗಲಿ, ಘಟಕಾಂಶಗಳ ಪಟ್ಟಿಯಲ್ಲಿ ಅದು ಎದ್ದು ಕಾಣುವ ಅಕ್ಷರಗಳಲ್ಲಿರಬೇಕು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಗಳ ಅಲರ್ಜಿಕಾರಕ ಪಟ್ಟಿಯಲ್ಲಿ ಸೆಲರಿ ಇಲ್ಲ. ಆದುದರಿಂದ ಇಲ್ಲಿಯ ಲೇಬಲನ್ನೇ ಅಲ್ಲಿಗೆ ಅನುವಾದಿಸಿ ಅಂಟಿಸುವವರು ಎಚ್ಚರ ವಹಿಸತಕ್ಕದ್ದು.

ಗುರುತಿಸುವುದು ಕಷ್ಟವೇನಲ್ಲ. ಸೆಲರಿ ಬೀಜ ಓಮಕ್ಕಿಂತ ಸಣ್ಣದು, ಅಗಿದರೆ ಕಹಿ. ಓಮದಲ್ಲಿ ಥೈಮಾಲ್ ಇರುವುದರಿಂದ ಅಂಗೈಯಲ್ಲಿ ತಿಕ್ಕಿದೊಡನೆ ಘಾಟು ಮೂಗಿಗೆ ಬಡಿಯುತ್ತದೆ. ಮೇಲ್ಕಂಡ ಘಟಕದವರು ಈಗ ಖರೀದಿ ಆರ್ಡರಿನಲ್ಲಿ ಸಸ್ಯಶಾಸ್ತ್ರೀಯ ಹೆಸರು ಹಾಗೂ ಎಂಟು ಅಂಕಿಯ ಸಂಕೇತ ಎರಡನ್ನೂ ಬರೆಯುತ್ತಾರೆ. ಚೀಲ ಬಿಚ್ಚಿದ ಮೇಲೆ ಒಂದು ಚಿಟಿಕೆ ತಿಕ್ಕಿ ನೋಡಿಯೇ ಗುಮಾಸ್ತರು ಸಹಿ ಹಾಕುತ್ತಾರೆ.