ಪಾಯದ ನೀರು ತೆಗೆಯುವ ಮುನ್ನ
ಸಬ್‌ಮರ್ಸಿಬಲ್ ಪಂಪು ಕೊಳ್ಳುವವರಿಗೆ, ಬಾಡಿಗೆಗೆ ತರುವವರಿಗೆ

ನವಿಮುಂಬಯಿಯ ನೆರೂಳದಲ್ಲಿ ಈಗ, ಊರು ಕಟ್ಟಿದ ಸರಕಾರಿ ನಿಗಮ ಸಿಡ್ಕೋದ ಕಾಲದ ಹಳೆಯ ಕಟ್ಟಡಗಳನ್ನು ಕೆಡವಿ ಹೊಸದು ಎಬ್ಬಿಸುವ ಭರಾಟೆ. ಕಾರು ನಿಲ್ಲಿಸಲು ಜಾಗ ಬೇಕು ಎಂದು ನೆಲ ಅಗೆಯುತ್ತಾರೆ. ಜೂನ್ ಬಂತೆಂದರೆ ಅಗೆದಲ್ಲೆಲ್ಲ ನೀರು. ಆಗ ಸೊಸೈಟಿಯ ಸೆಕ್ರೆಟರಿ, ಸಣ್ಣ ಕಂತ್ರಾಟುದಾರ, ನೆಲಮಾಳಿಗೆಯಲ್ಲಿ ಅಕ್ಕಿಮೂಟೆ ಇಟ್ಟ ಹೋಟೆಲಿನವರು, ಎಲ್ಲರೂ ಅಂಗಡಿಗೆ ಹೋಗಿ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಎಚ್‌ಪಿ ಪಂಪು ಬೇಕು? ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದದ್ದು, ತೆಗೆದ ನೀರನ್ನು ಎಲ್ಲಿಗೆ ಬಿಡುತ್ತೀರಿ ಎಂದು.

ಮೊದಲು ದಾರಿ, ಆಮೇಲೆ ಪಂಪು

1970ರಲ್ಲಿ ಹುಟ್ಟಿದ ಸಿಡ್ಕೋ ನವಿಮುಂಬಯಿಯನ್ನು ಖಾಡಿಯ (ಒಳಕ್ಕೆ ಚಾಚಿದ ಸಮುದ್ರದ ತೋಡಿನ) ಅಂಚಿನ ತಗ್ಗು ನೆಲದಲ್ಲಿ ಕಟ್ಟಿತು. ಉಬ್ಬರದ ನೀರು ಊರೊಳಗೆ ನುಗ್ಗಬಾರದೆಂದು ಅಲ್ಲಲ್ಲಿ ದೊಡ್ಡ ಕೆರೆಗಳಂಥ ಹೋಲ್ಡಿಂಗ್ ಪಾಂಡ್‌ಗಳನ್ನು ಮಾಡಿ, ಬಾಯಿಗೆ ಫ್ಲಾಪ್ ಗೇಟು ಕೂರಿಸಿತು. ಪಾಮ್ ಬೀಚ್ ರಸ್ತೆಯ ಪಕ್ಕ ಸಂಜೆ ಜನ ವಾಕಿಂಗ್ ಹೋಗುವ 'ಜ್ಯುವೆಲ್ ಆಫ್ ನವಿಮುಂಬಯಿ'ಯ ನೀರೂ ಅಂಥದ್ದೇ ಒಂದು ಪಾಂಡ್. ಖಾಡಿಯಲ್ಲಿ ನೀರು ಏರಿದಾಗ ಗೇಟು ಮುಚ್ಚುತ್ತದೆ, ಊರಿನ ಮಳೆನೀರು ಪಾಂಡ್‌ನಲ್ಲೇ ಕಾಯುತ್ತದೆ. ಇಳಿತದಲ್ಲಿ ಗೇಟು ತೆರೆದು ನೀರು ಹೊರಗೆ ಹೋಗುತ್ತದೆ. ಹೂಳು ತುಂಬಿ, ಕಾಂಡ್ಲಾ ಬೆಳೆದ ಪಾಂಡ್‌ಗಳು ಮೊದಲಿನಷ್ಟು ನೀರು ಹಿಡಿಯುವುದಿಲ್ಲ.

ದೊಡ್ಡ ಉಬ್ಬರದ ಹೊತ್ತಿಗೆ ಮಳೆಯೂ ಜೋರಾಗಿದ್ದರೆ ಗಟಾರದಲ್ಲಿ ನೀರು ಮುಂದಕ್ಕೆ ಸರಿಯುವುದೇ ಇಲ್ಲ. ಆಗ ನೀವು ಪಂಪು ಹಾಕಿ ಹೊರಗೆ ಬಿಟ್ಟ ನೀರು ಪಕ್ಕದ ಸೊಸೈಟಿಯ ಗೇಟಿನ ಒಳಗೆ ಹೋಗುತ್ತದೆ, ಇಲ್ಲವೇ ಸುತ್ತಿ ಬಂದು ನಿಮ್ಮದೇ ಗುಂಡಿಗೆ ಬೀಳುತ್ತದೆ. ಡೀಸೆಲ್ ಖರ್ಚಷ್ಟೇ ಲಾಭ. ಆದ್ದರಿಂದ ಉಬ್ಬರದ ವೇಳಾಪಟ್ಟಿ ಸೈಟಿನ ಗೋಡೆಯ ಮೇಲಿರಲಿ. ಒಂದು ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ತಾಸು, ದಿನದಿಂದ ದಿನಕ್ಕೆ ಮುಕ್ಕಾಲು ತಾಸಿಗಿಂತ ತುಸು ಹೆಚ್ಚು ತಡ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಜಾಸ್ತಿ ಎಚ್ಚರ. 4.5 ಮೀಟರ್ ದಾಟುವ ಉಬ್ಬರದ ದಿನಗಳನ್ನು ಮುಂಬಯಿಯ ಪತ್ರಿಕೆಗಳು ಮಳೆಗಾಲಕ್ಕೆ ಮೊದಲೇ ಅಚ್ಚು ಹಾಕುತ್ತವೆ, ಕತ್ತರಿಸಿ ಇಟ್ಟುಕೊಳ್ಳಿ. ಗಟಾರಕ್ಕೆ ನೀರು ಬಿಡಲು ಪಾಲಿಕೆಯ ವಾರ್ಡ್ ಕಚೇರಿಯನ್ನು ಮೊದಲೇ ಕೇಳಿರಬೇಕು. ಕೆಸರನ್ನು ಹಾಗೇ ಬಿಡುವಂತಿಲ್ಲ. ಎರಡು ಡ್ರಮ್ಮುಗಳನ್ನೋ ಇಟ್ಟಿಗೆಯ ತೊಟ್ಟಿಯನ್ನೋ ನಡುವೆ ಇಟ್ಟು, ಹೂಳು ಕೂತ ಮೇಲೆ ತಿಳಿಯಾದ ನೀರನ್ನು ಹೊರಗೆ ಬಿಡಿ.

ಎಷ್ಟು ನೀರು?

ಲೆಕ್ಕ ಕಷ್ಟದ್ದಲ್ಲ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಗುಂಡಿ 30 ಮೀಟರ್ ಉದ್ದ, 20 ಮೀಟರ್ ಅಗಲ ಇದೆ ಎನ್ನಿ, ಅಂದರೆ 600 ಚದರ ಮೀಟರ್. ಅದರಲ್ಲಿ ಅರ್ಧ ಮೀಟರ್ ನೀರು ನಿಂತಿದ್ದರೆ 3 ಲಕ್ಷ ಲೀಟರ್. ಒಂದು ಇಳಿತದ ಆರು ತಾಸಿನೊಳಗೆ ಖಾಲಿ ಮಾಡಬೇಕೆಂದರೆ ತಾಸಿಗೆ 50,000 ಲೀಟರ್ ತೆಗೆಯಬೇಕು. ಆ ನಡುವೆ ತಾಸಿಗೆ 50 ಮಿಲಿಮೀಟರ್‌ನಂತೆ ಮಳೆ ಹೊಡೆದರೆ ಪ್ರತಿ ತಾಸಿಗೆ 30,000 ಲೀಟರ್ ಹೊಸದಾಗಿ ಸೇರುತ್ತದೆ, ನಿಮ್ಮ ಆರು ತಾಸು ಹದಿನೈದಾಗುತ್ತದೆ. ಇದಲ್ಲದೆ ಖಾಡಿಯ ಕಡೆಯಿಂದ ಒಸರುವ ನೀರು, ಒಡೆದ ಪೈಪಿನ ನೀರು ಬೇರೆ. ಒಸರಿನ ಅಂದಾಜಿಗೆ ಮಳೆ ಇಲ್ಲದ ರಾತ್ರಿ ಪಂಪು ನಿಲ್ಲಿಸಿ, ಗೋಡೆಗೆ ಸುಣ್ಣದ ಗೆರೆ ಎಳೆದು, ಬೆಳಿಗ್ಗೆ ಎಷ್ಟು ಏರಿದೆ ನೋಡಿದರೆ ಸಾಕು.

ಹಾಗೆಂದು 2005ರ ಜುಲೈ 26ನ್ನು ನೆನೆದು ಪಂಪು ಕೊಳ್ಳಬೇಡಿ. ಅಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ, ಜೊತೆಗೆ ಉಬ್ಬರ. ಅಂಥ ದಿನ ಕೆಲಸದವರನ್ನು ಮೇಲಕ್ಕೆ ಕರೆತರುವುದೊಂದೇ ಕೆಲಸ.

ಎಚ್‌ಪಿಯನ್ನು ತಿನ್ನುವ ಪೈಪು

ಪಂಪಿನ ತಗಡಿನ ಮೇಲೆ ಗರಿಷ್ಠ ಹೆಡ್ (ನೀರೆತ್ತುವ ಎತ್ತರ), ಗರಿಷ್ಠ ಡಿಸ್ಚಾರ್ಜ್ (ಬರುವ ನೀರಿನ ಪ್ರಮಾಣ) ಎಂದು ಎರಡು ಅಂಕಿ ಇರುತ್ತವೆ. ಎರಡೂ ಒಟ್ಟಿಗೆ ಎಂದಿಗೂ ಸಿಗುವುದಿಲ್ಲ. ಗರಿಷ್ಠ ಹೆಡ್‌ನಲ್ಲಿ ನೀರು ಬರುವುದು ಸೊನ್ನೆ. ಅಂಗಡಿಯವರಿಂದ ಕರ್ವ್ ಕೇಳಿ ಪಡೆಯಿರಿ, ನಿಮ್ಮ ಎತ್ತರಕ್ಕೆ ಎಷ್ಟು ನೀರು ಬರುತ್ತದೆಂದು ಅದರಲ್ಲಿ ನೋಡಿ.

ಎತ್ತರದ ಜೊತೆ ಪೈಪಿನ ತಿಕ್ಕಾಟವೂ ಸೇರಬೇಕು. ನಮ್ಮ ಉದಾಹರಣೆಯ, ತಾಸಿಗೆ 50,000 ಲೀಟರನ್ನು 40 ಮೀಟರ್ ಉದ್ದದ ನಾಲ್ಕು ಇಂಚಿನ ಪೈಪಿನಲ್ಲಿ ಕಳಿಸಿದರೆ ಒಂದೂವರೆ ಮೀಟರಿನಷ್ಟು ಹೆಡ್ ನಷ್ಟ, ಮೂರು ಇಂಚಿನಲ್ಲಾದರೆ ಐದಾರು ಮೀಟರ್. ಮನೆಯಲ್ಲಿ ಬಿದ್ದಿದೆಯೆಂದು ಎರಡು ಇಂಚಿನ ಪೈಪು ಜೋಡಿಸಿದಿರೋ, ನಷ್ಟ ಸುಮಾರು 40 ಮೀಟರ್. ಅಂದರೆ ಪಂಪು ನೀರನ್ನಲ್ಲ, ಪೈಪನ್ನೇ ತಳ್ಳುತ್ತಿರುತ್ತದೆ. ಗುಂಡಿ 6 ಮೀಟರ್ ಆಳ, ಕಾಂಪೌಂಡು ಒಂದೂವರೆ ಮೀಟರ್, ಮೂರು ಇಂಚಿನ ಪೈಪು ಎಂದಾದರೆ ಒಟ್ಟು ಹದಿಮೂರು ಮೀಟರಿನಷ್ಟು ಹೆಡ್, ಅದಕ್ಕೆ 5 ಎಚ್‌ಪಿ ಸಾಕು. ನನ್ನನ್ನು ಕೇಳಿದರೆ ಒಂದು ಐದರ ಬದಲು, ತಲಾ ಒಂದು ಪೈಪಿನೊಂದಿಗೆ 3 ಎಚ್‌ಪಿಯ ಎರಡು ತರುವುದು ಮೇಲು. ಒಂದರ ಬಾಯಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಾಗ ಇನ್ನೊಂದು ಓಡುತ್ತಿರುತ್ತದೆ.

ಯಾವ ಜಾತಿಯ ಪಂಪು?

ಮೇಲೆ ಕೂತು ನೀರು ಹೀರುವ ಪಂಪಿಗೆ ಲೆಕ್ಕದಲ್ಲಿ 10 ಮೀಟರ್ ಮಿತಿ, ನಿಜದಲ್ಲಿ ಆರೇಳು ಮೀಟರಿಗೇ ಅದು ಸೋಲುತ್ತದೆ. ನೀರಲ್ಲಿ ಮುಳುಗಿ ಕೆಳಗಿನಿಂದ ತಳ್ಳುವ ಪಂಪಿಗೆ ಆ ತೊಡಕಿಲ್ಲ. ಇಂಥ ಮೊದಲ ಡ್ರೈನೇಜ್ ಪಂಪನ್ನು ಸ್ವೀಡನ್ನಿನ ಫ್ಲಿಗ್ಟ್ ಕಂಪನಿ 1947ರಲ್ಲಿ ಮಾಡಿತು.

ಬೋರ್‌ವೆಲ್ಲಿನ ಉದ್ದ ಪಂಪನ್ನೂ ಬಾವಿಗೆ ಮಲಗಿಸುವ ಓಪನ್‌ವೆಲ್ ಪಂಪನ್ನೂ ಇಲ್ಲಿಗೆ ತರಬೇಡಿ. ಅವು ತಿಳಿನೀರಿನವು, ರಾಡಿ ಕುಡಿದು ಕೆಡುತ್ತವೆ. ಸೈಟಿಗೆ ಬೇಕಾದದ್ದು ಕೆಳಗೆ ಜಾಲರಿ ಇರುವ ಡಿವಾಟರಿಂಗ್ ಪಂಪು. ಗಟ್ಟಿ ಕೆಸರಾದರೆ ಕೆಳಗೆ ಕಲಕುವ ಅಲಗು ಇರುವ ಸ್ಲರಿ ಪಂಪು. ಸಂಡಾಸಿನ ನೀರು ಸೇರಿದ್ದರೆ ಸೀವೇಜ್ ಪಂಪು. ಚೇಂಬರಿನೊಳಗೆ ಪಂಪು ಇಡಲು ಮನುಷ್ಯನನ್ನು ಇಳಿಸಬೇಡಿ, ಹಗ್ಗದಿಂದ ಇಳಿಬಿಡಿ. ಖಾಡಿಯ ಉಪ್ಪುನೀರು ಅಲ್ಯೂಮಿನಿಯಂ ಮೈಯನ್ನು ತಿನ್ನುತ್ತದೆ. ಅಲ್ಯೂಮಿನಿಯಂ ಹಗುರ ಎನ್ನುವುದು ನಿಜ, ಆದರೆ ಪ್ರತಿ ಸಂಜೆ ಸಿಹಿನೀರಲ್ಲಿ ತೊಳೆಯುವ ತಾಳ್ಮೆ ಬೇಕು.

ಇಳಿಸುವ ಕ್ರಮ

ಗುಂಡಿಯ ತೀರಾ ತಗ್ಗಿನ ಮೂಲೆಯಲ್ಲಿ ಇನ್ನೂ ಎರಡಡಿ ಅಗೆದು, ತೂತು ಹೊಡೆದ ಡ್ರಮ್ ಇಟ್ಟು, ಸುತ್ತ ಜಲ್ಲಿ ತುಂಬಿಸಿ. ಪಂಪು ಅದರೊಳಗೆ ತಳಕ್ಕೆ ತಾಗದೆ ತೂಗಾಡಲಿ. ಎತ್ತುವುದು, ಇಳಿಸುವುದು ಹಿಡಿಗೆ ಕಟ್ಟಿದ ಹಗ್ಗದಿಂದ ಮಾತ್ರ. ಕೇಬಲ್ ಹಿಡಿದು ಎಳೆದರೆ ಒಳಗೆ ನೀರು ಹೋಗಲು ನೀವೇ ದಾರಿ ಮಾಡಿದ ಹಾಗೆ. ಪೈಪು ಎಲ್ಲೂ ಮಡಚಿಕೊಂಡಿರಬಾರದು.

ಮೂರು ಫೇಸಿನ ಪಂಪು ಉಲ್ಟಾ ತಿರುಗಿದರೂ ಅಷ್ಟಿಷ್ಟು ನೀರು ಬರುತ್ತದೆ, ಅದರಿಂದಲೇ ಮೋಸ. ಹಗ್ಗಕ್ಕೆ ತೂಗಿಸಿಕೊಂಡೇ ಒಂದು ಕ್ಷಣ ಚಾಲೂ ಮಾಡಿ ನೋಡಿ. ಮೈ ಕುಲುಕುವುದು ಇಂಪೆಲರ್ ತಿರುಗುವುದಕ್ಕೆ ಎದುರು ದಿಕ್ಕಿಗೆ. ಕೈಪಿಡಿಗೆ ತಾಳೆಯಾಗದಿದ್ದರೆ ಯಾವುದಾದರೂ ಎರಡು ಫೇಸ್ ಅದಲುಬದಲು ಮಾಡಿಸಿ. ಪಂಪಿಗೆ ತಂಪು ಕೊಡುವುದು ನೀರೇ ಆದ್ದರಿಂದ ಒಣಗಿ ಓಡಬಾರದು. ಫ್ಲೋಟ್ ಸ್ವಿಚ್ಚಿಗೆ ಕಂಜೂಸಿ ಬೇಡ.

ಕರೆಂಟು: ಇಲ್ಲಿ ಉಳಿತಾಯ ಬೇಡ

ಪಂಪಿನ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್, ಓವರ್‌ಲೋಡ್ ರಿಲೇ ಇರುವ ಸ್ಟಾರ್ಟರು, ಒಂದು ಫೇಸ್ ಹೋದಾಗ ಪಂಪು ನಿಲ್ಲಿಸುವ (ಸಿಂಗಲ್ ಫೇಸಿಂಗ್ ತಡೆಯುವ) ಸಾಧನ ಬೇಕು. ಸ್ಟಾರ್ಟರು ನೀರು ಏರಬಹುದಾದ ಮಟ್ಟಕ್ಕಿಂತ ಮೇಲೆ, ಮಳೆ ತಾಗದಲ್ಲಿ ಇರಲಿ. ಕೇಬಲಿನ ಜೋಡಣೆ ನೀರಿನೊಳಗೆ ಇರಕೂಡದು, ಟೇಪು ಎಷ್ಟೇ ಸುತ್ತಿದರೂ. ಪಂಪು ಓಡುತ್ತಿರುವಾಗ ಆ ನೀರಿಗೆ ಯಾರೂ ಇಳಿಯಬಾರದು. ಜಾಲರಿ ಸ್ವಚ್ಛ ಮಾಡಬೇಕೆಂದರೆ ಮೇನ್ ಸ್ವಿಚ್ಚು ತೆಗೆದು, ಅದರ ಬಳಿ ಒಬ್ಬನನ್ನು ನಿಲ್ಲಿಸಿ. ಕಲಬುರಗಿ, ಯಾದಗಿರಿ ಕಡೆಯಿಂದ ಬಂದ ಹುಡುಗರು "ಏನಾಗಲ್ಲ ಬಿಡ್ರೀ ಸಾಹೇಬ್ರ" ಎಂದು ಇಳಿದೇ ಬಿಡುತ್ತಾರೆ, ತಡೆಯುವುದು ಮುಕಾದಮನ ಹೊಣೆ.

ಕರೆಂಟು ಹೋದರೆ ಜನರೇಟರ್. 5 ಎಚ್‌ಪಿ ಪಂಪು ಚಾಲೂ ಆಗುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುವುದರಿಂದ 10ರಿಂದ 15 ಕೆವಿಎ ಜನರೇಟರ್ ಬೇಕು. ಅದನ್ನಾಗಲಿ, ಪೆಟ್ರೋಲ್ ಪಂಪುಸೆಟ್ಟನ್ನಾಗಲಿ ಬೇಸ್‌ಮೆಂಟಿನೊಳಗೆ ಇಳಿಸಬೇಡಿ. ಅವುಗಳ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ತಲೆ ಸುತ್ತುವಷ್ಟರಲ್ಲಿ ಮೆಟ್ಟಿಲು ಹತ್ತುವ ಶಕ್ತಿ ಉಳಿದಿರುವುದಿಲ್ಲ.

ನಿಲ್ಲಿಸುವುದು ಯಾವಾಗ?

ಬರುವ ನೀರಿನಲ್ಲಿ ಸಣ್ಣ ಮರಳು, ಜೇಡಿ ನಿರಂತರ ಬರುತ್ತಿದ್ದರೆ ಪಂಪು ಪಕ್ಕದವರ ಪಾಯದಡಿಯ ಮಣ್ಣನ್ನೂ ಎಳೆಯುತ್ತಿರಬಹುದು. ಪಕ್ಕದ ಗೋಡೆಯ ಬಿರುಕಿಗೆ ಅಡ್ಡಲಾಗಿ ಸಿಮೆಂಟಿನ ತೆಳು ಪಟ್ಟಿ ಬಳಿದು ತಾರೀಕು ಬರೆದಿಡಿ. ಪಟ್ಟಿ ಸೀಳಿದರೆ ಪಂಪು ನಿಲ್ಲಿಸಿ ಎಂಜಿನಿಯರನ್ನು ಕರೆಸಿ. ರಾಫ್ಟ್ (ಪಾಯದ ಕಾಂಕ್ರೀಟ್ ಹಾಸು) ಹಾಕಿಯಾಯಿತೆಂದು ಮರುದಿನವೇ ಪಂಪು ವಾಪಸು ಕಳಿಸುವುದೂ ತಪ್ಪು. ಅದರ ಕೆಳಗೆ ನೀರಿನ ಹೆಡ್ ಒಂದು ಮೀಟರ್ ಏರಿದರೆ ಪ್ರತಿ ಚದರ ಮೀಟರಿಗೆ ಒಂದು ಟನ್ ಮೇಲ್ಮುಖ ಒತ್ತಡ. ಮೇಲಿನ ಕಟ್ಟಡದ ಭಾರ ಸಾಲದಿದ್ದರೆ ಸ್ಲ್ಯಾಬು ಎದ್ದು ಬಿರುಕು ಬಿಡುತ್ತದೆ. ಖಾಲಿ ಮಾಡಿಟ್ಟ ನೆಲದಡಿ ಟಾಕಿಗಳು ಮಳೆಗಾಲದಲ್ಲಿ ತೇಲಿ ಮೇಲೇಳುವುದೂ ಇದರಿಂದಲೇ. ಯಾವ ಮಹಡಿ ಏರಿದ ಮೇಲೆ ನಿಲ್ಲಿಸಬಹುದೆಂದು ಸ್ಟ್ರಕ್ಚರಲ್ ಎಂಜಿನಿಯರಿಂದ ಬರೆಸಿಕೊಳ್ಳಿ.

ಬಾಡಿಗೆಯೋ, ಖರೀದಿಯೋ?

ವರ್ಷಕ್ಕೆ ಒಂದು ಮಳೆಗಾಲದ ತಾಪತ್ರಯವಾದರೆ ಬಾಡಿಗೆಯೇ ಸರಿ. ಹಲವು ಸೈಟು ಇರುವವರು ಮುಂಬಯಿಯ ನಾಗದೇವಿ ಸ್ಟ್ರೀಟಿನ ಅಂಗಡಿಗಳನ್ನು ಸುತ್ತಿ ಬಂದು ಕೊಳ್ಳಲಿ, ಆದರೆ ಬಿಡಿಭಾಗ ಇಲ್ಲೇ ಸಿಗುತ್ತದೆಯೇ ಎಂದು ಮೊದಲು ಕೇಳಲಿ. ಎರಡಕ್ಕೂ ಪರೀಕ್ಷೆ ಒಂದೇ. 500 ವೋಲ್ಟಿನ ಮೆಗ್ಗರ್ ಹಾಕಿಸಿ, ಇನ್ಸುಲೇಷನ್ ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಪಂಪು ಬೇಡ ಎನ್ನಿ. ಆಮೇಲೆ ಪಂಪನ್ನು ಮಗ್ಗುಲಾಗಿ ಮಲಗಿಸಿ ಆಯಿಲ್ ಪ್ಲಗ್ ಬಿಚ್ಚಿಸಿ. ಬೆರಳಿಗೆ ಹತ್ತಿದ ಎಣ್ಣೆ ತಿಳಿಯಾಗಿದ್ದರೆ ಸೀಲು ಚೆನ್ನಾಗಿದೆ. ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಸೀಲು ದಾಟಿ ನೀರು ಬಂದಿದೆ, ಮುಂದಿನ ಸರದಿ ಮೋಟರಿನದು. ಬಾಡಿಗೆ ಎಷ್ಟೇ ಇಳಿಸಿದರೂ ಅಂಥದ್ದನ್ನು ತರಬೇಡಿ.