ಕಥೆ ಹೇಳುವವರು ಯಾರು?

ವಿದ್ಯಾರ್ಥಿಗಳೇ, ಸೊಲ್ಲಾಪುರದ ಸಿದ್ಧೇಶ್ವರ ಗುಡಿಯನ್ನೂ ಅದರ ಕೆರೆಯನ್ನೂ ನಿಮ್ಮಲ್ಲಿ ಹಲವರು ನೋಡಿರಬಹುದು. 12ನೆಯ ಶತಮಾನದ ಶಿವಯೋಗಿ ಸಿದ್ಧರಾಮರು ಈ ಕೆರೆಯನ್ನು ಕಟ್ಟಿಸಿದರೆಂದು ಜನ ಹೇಳುತ್ತಾರೆ. ಆಗ ಊರಿನ ಹೆಸರು ಸೊನ್ನಲಿಗೆ.

ಸಿದ್ಧರಾಮರ ಕಥೆಯನ್ನು ಒಬ್ಬರೇ ಹೇಳಿಲ್ಲ. ರಾಘವಾಂಕ ಕವಿಯು 'ಸಿದ್ಧರಾಮ ಚಾರಿತ್ರ'ವನ್ನು ಷಟ್ಪದಿಯಲ್ಲಿ ರಚಿಸಿದನು. ದನ ಕಾಯುವ ಹುಡುಗನ ಬಳಿಗೆ ಜಂಗಮನೊಬ್ಬ ಬರುತ್ತಾನೆ. ಹುಡುಗ ಊಟ ತರಲು ಮನೆಗೆ ಓಡುತ್ತಾನೆ. ಮರಳಿ ಬಂದಾಗ ಜಂಗಮನಿಲ್ಲ! ಬಂದವನು ದೇವರೆಂದು ನಮಗೆ ಗೊತ್ತು. ಹುಡುಗನಿಗೆ ಅವನು ಹಸಿದು ಬಂದ ಮಲ್ಲಯ್ಯ, ಅಷ್ಟೇ. ಶ್ರೀಶೈಲದಲ್ಲಿ ಲಿಂಗವನ್ನು ತೋರಿಸಿದರೂ ತಾನು ಕಂಡ ಮಲ್ಲಯ್ಯ ಇವನಲ್ಲವೆಂದು ಹುಡುಕುತ್ತಾನೆ. ನಿರೂಪಕನಿಗೆ ತಿಳಿದದ್ದು ಪಾತ್ರಕ್ಕೆ ತಿಳಿಯದಿರುವುದರಿಂದಲೇ ಇಲ್ಲಿ ನಮ್ಮ ಕರುಳು ಚುರ್ರೆನ್ನುತ್ತದೆ.

ವಚನಗಳಲ್ಲಾದರೋ ಸಿದ್ಧರಾಮರೇ 'ನಾನು' ಎಂದು ಮಾತನಾಡುತ್ತಾರೆ. ಅವರ ಅಂಕಿತ 'ಕಪಿಲಸಿದ್ಧಮಲ್ಲಿಕಾರ್ಜುನ'.

15ನೆಯ ಶತಮಾನದ 'ಶೂನ್ಯಸಂಪಾದನೆ'ಯಲ್ಲಿ ಕಥೆ ಸಂವಾದಗಳ ಮೂಲಕ ಸಾಗುತ್ತದೆ. ಕೆರೆಯ ಕೆಲಸ ನಡೆದಾಗ ಅಲ್ಲಮಪ್ರಭುಗಳು ಬಂದು ಸಿದ್ಧರಾಮರನ್ನು ಹಗುರವಾಗಿ ಕರೆಯುತ್ತಾರೆ. ಕೆಲಸದವರು ಸಿಟ್ಟಿಗೆದ್ದು ಕಲ್ಲೆಸೆಯುತ್ತಾರೆ. ಅಕ್ಕಲಕೋಟೆ ಕಡೆಯ ನನ್ನ ವರ್ಗದಲ್ಲಿ ಒಬ್ಬ ಹುಡುಗ, 'ಸೊಲ್ಲಾಪುರದ ಜನ ಅಲ್ಲಮನಿಗೆ ಕಲ್ಲು ಹೊಡೆದರು' ಎಂದು ಬರೆದಿದ್ದ. ನಾನು ಪೂರ್ಣ ಅಂಕ ಕೊಟ್ಟೆ. ಪಕ್ಕದಲ್ಲಿದ್ದ ಹುಡುಗಿ ಕೇಳಿದಳು, "ಗುರುಗಳೇ, ಅದನ್ನು ಕಂಡವರು ಯಾರು? ಆ ಕೆಲಸದವರೇನಾದರೂ ಬರೆದಿಟ್ಟಿದ್ದಾರೆಯೇ?" ನನಗೆ ಉತ್ತರ ಹೊಳೆಯಲಿಲ್ಲ. ಗ್ರಂಥವು ಸಿದ್ಧರಾಮರ ಕಾಲಕ್ಕಿಂತ ಸುಮಾರು 300 ವರ್ಷ ಈಚಿನದು. 'ಶೂನ್ಯಸಂಪಾದನೆ ಹೇಳುವಂತೆ' ಎಂಬ ಎರಡು ಪದಗಳನ್ನು ಸೇರಿಸಲು ನಾನು ಕಲಿಸಬೇಕಿತ್ತು. ಒಂದು ಊರಿನ ಜನರ ಮೇಲೆ ಮಾತು ಹೊರಿಸುವಾಗ ಆ ಎರಡು ಪದಗಳ ಬೆಲೆ ಸಣ್ಣದಲ್ಲ. ಮರುದಿನ ಆ ಅಂಕ ನನಗೇ ಸಲ್ಲಬಾರದಿತ್ತೆಂದು ವರ್ಗಕ್ಕೆ ಹೇಳಿದೆ. ಮಕ್ಕಳು ನಕ್ಕರು.

ಇನ್ನೊಂದು ಕಥೆ ಜಾತ್ರೆಯದು. ಸಂಕ್ರಾಂತಿಯಲ್ಲಿ ಏಳು ನಂದಿಧ್ವಜಗಳ ಮೆರವಣಿಗೆ ಹೊರಡುತ್ತದೆ. ಕುಂಬಾರರ ಕನ್ಯೆಯೊಬ್ಬಳು ಸಿದ್ಧರಾಮರನ್ನು ವರಿಸಲು ಬಯಸಿದಳಂತೆ. ವಿರಕ್ತರಾದ ಅವರು ತಮ್ಮ ಯೋಗದಂಡದೊಡನೆ ಮದುವೆಯಾಗಲು ಒಪ್ಪಿದರಂತೆ. ಆ ಮದುವೆ ಪ್ರತಿವರ್ಷ ನಡೆಯುತ್ತದೆ, ಸಾವಿರಾರು ಜನ ಅಕ್ಷತೆ ಹಾಕುತ್ತಾರೆ. ಎಲ್ಲರೂ ಆಕೆಯ ವಿಷಯ ಹೇಳುತ್ತಾರೆ. ಆಕೆಯೇ ಹೇಳಿದ ಕಥೆಯನ್ನು ನಾನೆಲ್ಲೂ ಕೇಳಿಲ್ಲ.

ಉಪಕ್ರಮ: ನಿಮ್ಮ ಮನೆಯ ಅಥವಾ ಓಣಿಯ ಹಿರಿಯರಿಂದ ಕುಂಬಾರ ಕನ್ಯೆಯ ಕಥೆಯನ್ನು ಕೇಳಿರಿ. ಹೇಳಿದವರು ಯಾರೆಂದು ಮೊದಲು ಬರೆಯಿರಿ. ಅನಂತರ ಅದೇ ಕಥೆಯನ್ನು ಆಕೆಯೇ ಹೇಳುವಂತೆ ಬರೆಯಿರಿ. ಆಕೆಗೆ ತಿಳಿದಿರಲಾರದ ಯಾವ ಸಂಗತಿಯನ್ನೂ ಸೇರಿಸಬೇಡಿರಿ.