ಹೊಗೆ ಕೆಳಕ್ಕೆ, ರಾಕೆಟ್ ಮೇಲಕ್ಕೆ



ತೋಟಕ್ಕೆ ನೀರು ಬಿಡುವಾಗ ಪೈಪು ಹಿಡಿದಿದ್ದೀರಲ್ಲ? ನೀರು ರಭಸವಾಗಿ ಮುಂದಕ್ಕೆ ಚಿಮ್ಮುತ್ತದೆ. ಪೈಪು ನಮ್ಮ ಕೈಯನ್ನು ಹಿಂದಕ್ಕೆ ದಬ್ಬುತ್ತದೆ. ಕೈ ಬಿಟ್ಟರೆ ಹಾವಿನ ಹಾಗೆ ಒದ್ದಾಡುತ್ತದೆ. ಹೌದು ತಾನೇ?

ರಾಕೆಟ್ ಹಾರುವುದೂ ಹೀಗೇ.

ಒಲೆಯಲ್ಲಿ ಸೌದೆ ಉರಿದರೆ ಬಿಸಿ ಬರುತ್ತದೆ. ಸೌದೆಯಲ್ಲಿ ಅಡಗಿದ್ದ ಶಕ್ತಿಯೇ ಬಿಸಿಯಾಗಿ ಹೊರಬರುತ್ತದೆ. ಶಕ್ತಿ ಹೊಸದಾಗಿ ಹುಟ್ಟಲ್ಲ, ಸಾಯಲ್ಲ. ರೂಪ ಬದಲಿಸುತ್ತದೆ, ಅಷ್ಟೆ. ರಾಕೆಟ್ಟಿನ ಒಳಗೂ ಇಂಧನ ಉರಿಯುತ್ತದೆ. ಬಿಸಿ ಹೊಗೆ ಕೆಳಗಿನ ಕಿಂಡಿಯಿಂದ ನುಗ್ಗುತ್ತದೆ. ಹೊಗೆ ಕೆಳಕ್ಕೆ ಹೋದರೆ ರಾಕೆಟ್ ಮೇಲಕ್ಕೆ ಹೋಗುತ್ತದೆ.

ಒಂದು ಲೆಕ್ಕ ಮಾಡೋಣ. ಭೂಮಿಯ ಸೆಳೆತವನ್ನು ಸದ್ಯಕ್ಕೆ ಬಿಡೋಣ. 1 ಕಿಲೋ ಹೊಗೆ ಸೆಕೆಂಡಿಗೆ 1000 ಮೀಟರ್ ವೇಗದಲ್ಲಿ ಹಿಂದಕ್ಕೆ ಹೋಯಿತು. ಆಗ 1000 ಕಿಲೋ ರಾಕೆಟ್ಟಿಗೆ ಸೆಕೆಂಡಿಗೆ 1 ಮೀಟರ್ ವೇಗ ಸಿಗುತ್ತದೆ. ತೂಕವನ್ನು ವೇಗದಿಂದ ಗುಣಿಸಿ. ಎರಡೂ ಕಡೆ 1000! ತಕ್ಕಡಿ ಸಮ. ಈ ಗುಣಲಬ್ಧಕ್ಕೆ ಸಂವೇಗ ಎಂದು ಹೆಸರು.

ನಮ್ಮ ಸೀಮೆಗೆ ರಾಕೆಟ್ ಹೊಸದಲ್ಲ. 1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರಾಲಿ, ಟಿಪ್ಪು ಅವರ ಮೈಸೂರು ಸೈನ್ಯ ರಾಕೆಟ್ ಬಿಟ್ಟಿತು. ಮದ್ದನ್ನು ಕಬ್ಬಿಣದ ಕೊಳವೆಗೆ ತುಂಬುತ್ತಿದ್ದರು. ಕಬ್ಬಿಣ ಒಳಗಿನ ಒತ್ತಡವನ್ನು ತಡೆಯುತ್ತಿತ್ತು. ಹೊಗೆ ಜೋರಾಗಿ ನುಗ್ಗುತ್ತಿತ್ತು. ರಾಕೆಟ್ ದೂರ ಹೋಗುತ್ತಿತ್ತು.

ಹೊಗೆ ನೆಲವನ್ನು ಒತ್ತುವುದರಿಂದ ರಾಕೆಟ್ ಏರುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ರಾಕೆಟ್ಟಿಗೆ ನೆಲವೂ ಬೇಡ, ಗಾಳಿಯೂ ಬೇಡ. ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಹೆಲಿಕಾಪ್ಟರಿನ ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಗಾಳಿ ಇಲ್ಲದ ಕಡೆ ಅದು ಹಾರದು. ರಾಕೆಟ್ ಹಾಗಲ್ಲ. ಉರಿಯಲು ಬೇಕಾದ್ದೆಲ್ಲವನ್ನೂ ತಾನೇ ಹೊತ್ತುಕೊಂಡು ಹೋಗುತ್ತದೆ. ಚಂದ್ರನ ಮೇಲೆ ನಮ್ಮ ಹಾಗೆ ಗಾಳಿ ಇಲ್ಲ. ಆದರೂ ಚಂದ್ರಯಾನ-3 ಕೆಳಕ್ಕೆ ಬಿಸಿ ಹೊಗೆ ಉಗುಳುತ್ತಾ, ವೇಗ ತಗ್ಗಿಸಿಕೊಂಡು, 2023ರ ಆಗಸ್ಟ್ 23ರಂದು ಮೆಲ್ಲಗೆ ಇಳಿಯಿತು.

ಈಗ ನಮ್ಮ ಮನೆಯ ಮಾತು. ದೀಪಾವಳಿಯ ರಾಕೆಟ್ಟಿಗೂ ಇದೇ ನಿಯಮ. ಬಾಟಲಿ ವಾಲಿದರೆ ಹೊಗೆ ಒಂದು ಕಡೆ, ರಾಕೆಟ್ ಇನ್ನೊಂದು ಕಡೆ. ಅಲ್ಲಿ ಹುಲ್ಲಿನ ಬಣವೆ ಇರಬಹುದು, ಮಗುವಿನ ಮುಖ ಇರಬಹುದು. ಆದ್ದರಿಂದ ಬಾಟಲಿಯನ್ನು ಮರಳಿನಲ್ಲಿ ನೆಟ್ಟಗೆ ಹೂಳಿಸಿ. ಬಯಲಿನಲ್ಲೇ ಹಚ್ಚಿಸಿ. ಮಕ್ಕಳ ಜೊತೆ ನಿಲ್ಲಿ. ಒಂದು ಬಿಂದಿಗೆ ನೀರು ಹತ್ತಿರ ಇರಲಿ. ಯಾಕೆ ಅಂತ ಮಕ್ಕಳು ಕೇಳಿದರೆ, ಈ ಪಾಠ ಓದಿ ಹೇಳಿ.

ಯೋಚಿಸಿ, ಬರೆಯಿರಿ
1. ನೀರು ಚಿಮ್ಮುವಾಗ ಪೈಪು ಯಾವ ಕಡೆಗೆ ದಬ್ಬುತ್ತದೆ?
2. ಚಂದ್ರನ ಮೇಲೆ ಹೆಲಿಕಾಪ್ಟರ್ ಯಾಕೆ ಹಾರದು?
3. ಬಾಟಲಿಯನ್ನು ಮರಳಿನಲ್ಲಿ ಯಾಕೆ ಹೂಳಬೇಕು?